ಎರಡು ಸುತ್ತಿನ ಗಂಟು

“ನನ್ನ ಹಾಸಿಗೆ ಬಟ್ಟೆಗೆ ಈ ಗಂಟು ಹಾಕೋಕೆ ನಿಂಗೆ ಕೈಯಾದ್ರೂ ಹೇಗೆ ಬಂತೇ?”

ಮನೆಯ ಬಚ್ಚಲ ಬಕೆಟ್ಟಿನಲ್ಲಿ ನೆನೆದಿದ್ದ ಮೂಟೆಯನ್ನು ತಂಗಿ ಆಸ್ಪತ್ರೆಯ ನೆಲಮಾಳಿಗೆಯವರೆಗೂ ಹೊತ್ತು ತಂದು ಅಕ್ಕನ ಕಾಲ ಬಳಿ ಧೊಪ್ಪೆಂದು ಎಸೆದಳು. ನೀರು ಚಿಮ್ಮಿತು.

ಅಕ್ಕ ಅಲ್ಲಿ ಬಟ್ಟೆ ಒಗೆಯುವವಳು. ಮಗು ಉಳಿಯದ ತಾಯಿಯ ಹಾಸಿಗೆ ಬಟ್ಟೆ ಬಂದರೆ ನಾಲ್ಕು ಮೂಲೆ ಸೇರಿಸಿ ಎರಡು ಸುತ್ತಿನ ಗಂಟು ಹಾಕಿ, ಅದನ್ನೊಂದೇ ಬೇರೆ ಒಗೆಯುವುದು ಅಲ್ಲಿನ ಹೆಂಗಸರ ರೂಢಿ. ಒಗೆದು ಮುಗಿಯುವವರೆಗೆ ಯಾರೂ ತುಟಿ ಬಿಚ್ಚುವುದಿಲ್ಲ. ಶಾಲೆಯ ರಜೆಯಲ್ಲೆಲ್ಲ ಅಲ್ಲೇ ಬಟ್ಟೆ ಮಡಿಸಿ ಬೆಳೆದ ತಂಗಿಗೆ ಆ ಗಂಟನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

“ಕೂಗಬೇಡ. ಕಸದಲ್ಲಿ ಮಾತ್ರೆ ಪೊಟ್ಟಣ ನೋಡ್ದೆ. ಅವನ್ಯಾರು ಅಂತ ಕೇಳ್ದೆನಾ? ನೀನು ವಾಂತಿ ಮಾಡ್ಕೊಂಡೆ, ತಲೆ ಸುತ್ತಿ ಗೋಡೆ ಹಿಡ್ಕೊಂಡೆ. ಆಮೇಲೆ ಬಚ್ಚಲಿಂದ ನೀನೇ ಕೂಗ್ದೆ, ‘ಅಕ್ಕಾ, ಹೋಗ್ತಾ ಇದೆ’ ಅಂತ. ಇಪ್ಪತ್ತೆರಡು ವರ್ಷ ರಕ್ತ ಒಗೆದ ಕೈ ನಂದು. ಯಾವ ಕಲೆ ಯಾವುದರದ್ದು ಅಂತ ನಂಗೊತ್ತು.”

“ನಿನ್ನ ತಲೆ ಗೊತ್ತು! ‘ಹೋಗ್ತಾ ಇದೆ’ ಅಂದದ್ದು ರಕ್ತ ಕಣೇ, ‘ಹೋಯ್ತು’ ಅಂದ್ನಾ? ಮದ್ದಿನಂಗಡಿಯವಳು ಮೊದಲೇ ಹೇಳಿದ್ಲು, ಹೊಟ್ಟೆ ತೊಳಸುತ್ತೆ, ತಲೆ ನೋಯುತ್ತೆ, ನಡುವೆ ಒಂದಿಷ್ಟು ಹೋಗಬಹುದು, ಮುಟ್ಟು ಹಿಂದೆ ಮುಂದೆ ಆಗಬಹುದು ಅಂತ. ಅದು ಬಸಿರು ಕಟ್ಟದ ಹಾಗೆ ತಡೆಯೋ ಮಾತ್ರೆ. ಕಟ್ಟಿದ್ದನ್ನ ತೆಗೆಯೋದಲ್ಲ.”

ಮೇಲಿನ ಹೆರಿಗೆ ವಾರ್ಡಿನ ದಾದಿ ಮೆಟ್ಟಿಲಿಳಿದು ಬಂದಳು. “ಮೆಲ್ಲಗೆ ಜಗಳ ಆಡ್ರಮ್ಮ. ನಿಮ್ಮ ಗಲಾಟೆಗೆ ಮೇಲೆ ದಿನ ತುಂಬದವರಿಗೂ ನೋವು ಶುರುವಾಗ್ತಿದೆ.” ಮೂಟೆ ನೋಡಿ ಅವಳ ನಗು ಇಂಗಿತು. ವಿಷಯ ಕೇಳಿ ಅಕ್ಕನ ಕಡೆ ತಿರುಗಿದಳು. “ನಿನ್ನ ತಂಗಿ ಹೇಳ್ತಿರೋದು ಸರಿ. ಅಲ್ಲಿ ಮಗುವೇ ಇರಲಿಲ್ಲ. ಮುಂದಿನ ಮುಟ್ಟು ವಾರಕ್ಕಿಂತ ತಡ ಆದ್ರೆ ಪರೀಕ್ಷೆ ಮಾಡ್ಸಿ, ಅಷ್ಟೇ.”

ದಾದಿ ಹೋದಳು. ಅಕ್ಕ ಗೋಡೆಯ ಬಳಿಯ ಬಟ್ಟೆ ಒಗೆಯುವ ಯಂತ್ರದ ಕಡೆ ತಿರುಗಿದಳು. ಮಗುವೇ ಇರಲಿಲ್ಲ ಎಂದರೆ ಮೂರು ದಿನದಿಂದ ಯಂತ್ರದೊಳಗೆ ಅಳುತ್ತಿದ್ದುದು ಯಾರು? ಬಟ್ಟೆ ತಿರುಗತೊಡಗಿದರೆ ಸಾಕು, ಆ ಅಳು ಏಳುತ್ತಿತ್ತು. ಮೇಲಿನ ವಾರ್ಡಿನ ಕೂಸುಗಳದ್ದಲ್ಲ. ಆ ದನಿಗಳನ್ನು ಅವಳು ಬಲ್ಲಳು. ಅವಳದ್ದೂ ಎರಡು ಬಸಿರು ಹೋಗಿದ್ದವು. ಎರಡನೆಯ ಸಲ ತನ್ನ ಬಟ್ಟೆಗೆ ತಾನೇ ಗಂಟು ಹಾಕಿ, ನಾಲ್ಕನೆಯ ದಿನ ಕೆಲಸಕ್ಕೆ ಬಂದು ತಾನೇ ಒಗೆದಿದ್ದಳು. ಅಂದು ಯಾವ ಅಳುವೂ ಕೇಳಿರಲಿಲ್ಲ.

“ಬಿಚ್ಚು,” ಎಂದಳು ತಂಗಿ. “ನನ್ನ ಕಣ್ಣೆದುರಿಗೇ ಬಿಚ್ಚಿ ಎಲ್ಲ ಬಟ್ಟೆ ಜೊತೆ ಹಾಕು. ಇಲ್ಲಾಂದ್ರೆ ನಾನು ಮನೆಗೆ ಬರಲ್ಲ. ಕೊಂದವಳನ್ನ ನೋಡೋ ಹಾಗೆ ನನ್ನ ನೋಡ್ತೀಯ. ಆ ಕಣ್ಣಿನೆದುರು ಹೇಗೆ ಉಣ್ಲಿ, ಹೇಗೆ ಮಲಗ್ಲಿ?”

ತಾಯಿ ತೀರಿಕೊಂಡಾಗ ನಾಲ್ಕು ವರ್ಷದವಳನ್ನು ಸೊಂಟದ ಮೇಲೆ ಹೊತ್ತು ಸಾಕಿದ್ದಳು ಅಕ್ಕ. ಇವಳೊಬ್ಬಳನ್ನು ಬಿಟ್ಟರೆ ಅವಳಿಗೆ ಯಾರಿದ್ದರು? ಬಿಚ್ಚಿಬಿಡೋಣವೆಂದೇ ಕುಕ್ಕರುಗಾಲಲ್ಲಿ ಕೂತಳು. ಗಂಟು ನೆನೆದು ಬಿಗಿದಿತ್ತು. ಉಗುರು ತೂರಿಸಿದಳು. ಒಂದು ಸುತ್ತು ಸಡಿಲವಾಯಿತು.

ಗೋಡೆಯ ಬಳಿ ನೀರು ತುಂಬಿಕೊಳ್ಳುತ್ತಿದ್ದ ಯಂತ್ರ ತಿರುಗತೊಡಗಿತು. ಅಳು ಬಂತು. ಈ ಸಲ ಬಿಕ್ಕಿ ಬಿಕ್ಕಿ, ಉಸಿರು ಕಟ್ಟಿ.

ಅಕ್ಕನ ಕೈ ನಿಂತಿತು. ಮೂಟೆಯನ್ನು ಎಳೆದು ಮಡಿಲಿಗೆ ಹಾಕಿಕೊಂಡಳು. ಸೀರೆ ತೊಯ್ದದ್ದು ಅವಳಿಗೆ ತಿಳಿಯಲಿಲ್ಲ; ತನ್ನ ಬಲಗೈ ಅದನ್ನು ಮೆಲ್ಲಗೆ ತಟ್ಟುತ್ತಿದೆ ಎಂಬುದೂ ತಿಳಿಯಲಿಲ್ಲ. ತಂಗಿ ಆ ಕೈಯನ್ನೇ ನೋಡುತ್ತಿದ್ದಳು.

“ಅಕ್ಕಾ, ಅಲ್ಲಿ ಏನೂ ಇಲ್ಲ ಕಣೇ.” ದನಿಯಲ್ಲಿ ಕೋಪವಿರಲಿಲ್ಲ.

“ಶ್,” ಎಂದಳು ಅಕ್ಕ, ತಲೆಯೆತ್ತದೆ.

ತಂಗಿ ಚೀಲ ಹೆಗಲಿಗೇರಿಸಿ ಮೆಟ್ಟಿಲು ಹತ್ತಿದಳು. ಮರುದಿನ ಅವಳ ಬಟ್ಟೆಬರೆ ಒಯ್ಯಲು ಮನೆಗೆ ಬಂದದ್ದು ಅವಳ ಜೊತೆಗೆಲಸದವಳು. ತಂಗಿ ಬರಲಿಲ್ಲ.