ಮೂರನೆಯ ಸಾಲಿನ ಉಸಿರು

ಆ ಕ್ಯಾಸೆಟ್ಟಿನ ಮೇಲೆ ಮತ್ತೇನೂ ರೆಕಾರ್ಡ್ ಆಗಬಾರದೆಂದು ಅದರ ಬೆನ್ನಿನ ಎರಡೂ ಪ್ಲಾಸ್ಟಿಕ್ ತುಣುಕುಗಳನ್ನು ಮಹಾಂತಮ್ಮ ಕೈಯಾರೆ ಮುರಿದಿದ್ದರು. ಒಳಗಿದ್ದುದು ತೀರಿಹೋದ ತಾಯಿಯ ಜೋಗುಳ. ಮುರಿದ ಕಿಂಡಿಗೆ ಅಂಟುಪಟ್ಟಿ ಹಚ್ಚಿ ಅದರ ಮೇಲೆಯೇ ರೆಕಾರ್ಡ್ ಮಾಡಿದವರು ಅವರ ಗಂಡ ಏಕಾಂತಪ್ಪ.

ಭದ್ರಾವತಿಯ ಕಾಗದ ಕಾರ್ಖಾನೆಯಲ್ಲಿ ಮೀಟರುಗಳನ್ನು ರಿಪೇರಿ ಮಾಡುತ್ತಿದ್ದ ಏಕಾಂತಪ್ಪನವರಿಗೆ ೧೯೯೩ರಲ್ಲಿ ಹಳೆಯ ಹೋಮ್ ಕಂಪ್ಯೂಟರೊಂದು ಸಿಕ್ಕಿತ್ತು. ಟಿ.ವಿ.ಗೆ ಜೋಡಿಸಿದರೆ ಅಕ್ಷರ ಮೂಡುತ್ತಿತ್ತು. ಬರೆದ ಪ್ರೋಗ್ರಾಮನ್ನು ಉಳಿಸಲು ಮಾತ್ರ ಟೇಪ್‌ರೆಕಾರ್ಡರೇ ಗತಿ; ಕ್ಯಾಸೆಟ್ಟಿನಲ್ಲಿ ಅದು ಕಿರುಚುವ ಸದ್ದಾಗಿ ಉಳಿಯುತ್ತಿತ್ತು. ಆ ಕಂಪ್ಯೂಟರಿಗೆ ಮಾತನಾಡಿಸುವ ಚಿಪ್ಪೊಂದನ್ನು ಬೆಸೆದು ಹಾಡಿಸುವ ಹುಚ್ಚು ಹತ್ತಿತು. ಅತ್ತೆಯ ಜೋಗುಳವನ್ನು ಮತ್ತೆ ಮತ್ತೆ ಕೇಳಿ, ಸ್ವರಕ್ಕೊಂದು ಅಂಕಿ ಕೊಟ್ಟು, ಯಂತ್ರದಿಂದ ‘ಜೋ ಜೋ’ ಅನ್ನಿಸಿದ ದಿನ ಅವರ ಕಾಲು ನೆಲದ ಮೇಲಿರಲಿಲ್ಲ. ಉಳಿಸಲು ಬೇರೆ ಕ್ಯಾಸೆಟ್ ಇರಲಿಲ್ಲ. ಜೋಗುಳದ ಕ್ಯಾಸೆಟ್ಟಿನ ಹಿಂಬದಿ ಖಾಲಿಯಲ್ಲವೇ ಎಂದುಕೊಂಡರು. ಯಾವ ಬದಿ ಮೇಲಿದೆಯೆಂದು ನೋಡುವಷ್ಟು ತಾಳ್ಮೆ ಇರಲಿಲ್ಲ.

ತಪ್ಪು ತಿಳಿದ ಮೇಲೆ ಎರಡು ತಿಂಗಳು ಬಾಯಿ ಬಿಡಲಿಲ್ಲ.

ಮಗಳು ಪ್ರಿಯದರ್ಶಿನಿಯ ಕೂಸಿಗೆ ಕಾಗದನಗರದ ಕ್ವಾರ್ಟರ್ಸಿನಲ್ಲೇ ನಾಮಕರಣ. ಅಕ್ಷರಾ ಎಂದು ಹೆಸರಿಟ್ಟು ತೊಟ್ಟಿಲಿಗೆ ಹಾಕಿದೊಡನೆ ಮಹಾಂತಮ್ಮ ಕ್ಯಾಸೆಟ್ ತಂದರು. “ಮುತ್ತಜ್ಜಿ ಹಾಡು ಕೇಳ್ಲಿ ಕೂಸು.”

ಗುಂಡಿ ಒತ್ತಿದರೆ ಕರ್ಕಶವಾದ ಕಿರುಚಾಟ. ದುರ್ಗಿಗುಡಿಯಿಂದ ಬಂದಿದ್ದ ಮಹಾಂತಮ್ಮನವರ ತಮ್ಮ ಷಡಕ್ಷರಪ್ಪ ನಕ್ಕರು. “ಏನ್ ಭಾವ, ನಮ್ಮವ್ವನ ಜಾಗದಲ್ಲಿ ನಿಮ್ ಮಿಲ್ಲಿನ ಮಿಷನ್ ಕೂತಂಗಿದೆಯಲ್ಲ!”

“ತೇವಕ್ಕೆ ಹಾಳಾಗಿರ್ಬೇಕು, ಬಿಡೋ,” ಎಂದ ಮಹಾಂತಮ್ಮನವರ ದನಿ ಇಳಿದುಹೋಗಿತ್ತು.

ಸುಮ್ಮನಿದ್ದರೆ ತಪ್ಪು ಮಳೆಗಾಲದ ತಲೆಯ ಮೇಲೆ ಬೀಳುತ್ತಿತ್ತು. ಏಕಾಂತಪ್ಪನವರಿಗೆ ಅದಾಗಲಿಲ್ಲ. ಕ್ಯಾಸೆಟ್ ತೆಗೆದು ಅಂಟುಪಟ್ಟಿಯನ್ನು ತೋರಿಸಿದರು.

“ತೇವ ಅಲ್ಲ ಮಾರಾಯ್ತಿ. ನಾನೇ ಅಳಿಸಿದ್ದು.”

ಮಹಾಂತಮ್ಮ ಅಂಟುಪಟ್ಟಿಯ ಮೇಲೆ ಬೆರಳಾಡಿಸಿ ಕೇಳಿದರು: “ಏನಿದೆ ಅದರಲ್ಲಿ ಈಗ?”

ಏಕಾಂತಪ್ಪ ಯಂತ್ರವನ್ನು ಟೇಪ್‌ರೆಕಾರ್ಡರಿಗೂ ಟಿ.ವಿ.ಗೂ ಜೋಡಿಸಿದರು. ಕ್ಯಾಸೆಟ್ಟಿನ ಕಿರುಚಾಟವೆಲ್ಲ ಯಂತ್ರದೊಳಗೆ ಇಳಿದ ಮೇಲೆ ಮೂಗಿನಲ್ಲಿ ಗೊಣಗುವ ತಗಡಿನ ದನಿಯೊಂದು ಜೋಗುಳ ಹಾಡಿತು. ಕೂಸು ಕಣ್ಣರಳಿಸಿತು.

“ರಾಗ ತಪ್ಪಿಲ್ಲ,” ಎಂದರು ಮಹಾಂತಮ್ಮ. “ಆದ್ರೆ ಅವ್ವ ಮೂರನೇ ಸಾಲಿನ ನಡುವೆ ಉಸಿರು ತಗೊಳ್ತಿದ್ಳು. ಅದೆಲ್ಲಿ ರೀ?”

ಏಕಾಂತಪ್ಪ ತಲೆ ತಗ್ಗಿಸಿದರು. ಆ ಉಸಿರು ಅವರಿಗೆ ಚೆನ್ನಾಗಿ ನೆನಪಿತ್ತು. ತಾಳ ಕೆಡುತ್ತದೆಂದು, ಮುದುಕಿಯ ತಪ್ಪೆಂದು, ತಾವೇ ಬಿಟ್ಟಿದ್ದರು.

“ನಾನೇ ತೆಗೆದೆ.”

“ಅಷ್ಟಾದ್ರೂ ವಾಪಸ್ ಹಾಕಿ.”

ಏಕಾಂತಪ್ಪ ಟಿ.ವಿ.ಯಲ್ಲಿ ಪ್ರೋಗ್ರಾಮನ್ನು ತೆರೆದು ಹಾಡಿನ ಮೂರನೆಯ ಸಾಲಿಗೆ ಬಂದು ನಿಂತರು. ಎಷ್ಟು ಹೊತ್ತಿನ ವಿರಾಮ? ಅಂಕಿ ಬೇಕಿತ್ತು. “ಎಷ್ಟುದ್ದ ಇತ್ತು?” ಎಂದು ತಿರುಗಿದರು.

ಮಹಾಂತಮ್ಮ ತಾಯಿಯಂತೆಯೇ ಎದೆಯ ಮೇಲೆ ಕೈಯಿಟ್ಟು ಉಸಿರೆಳೆದರು. ಅದು ಅರ್ಧಕ್ಕೇ ಬಿಕ್ಕಿ ನಿಂತಿತು.

ಎಣಿಸುತ್ತಿದ್ದ ಏಕಾಂತಪ್ಪನವರ ಬೆರಳು ಅಂಕಿ ಒತ್ತದೆ ಕೀಲಿಮಣೆಯ ಮೇಲೇ ಉಳಿಯಿತು.