ಮೂರನೆಯ ಗಂಟು

ಅರಿಸಿನದ ದಾರಕ್ಕೆ ಎರಡೇ ಗಂಟು. ನಾಟಕದ ಮದುವೆಗೆ ನಮ್ಮ ಕಂಪನಿಯಲ್ಲಿ ಇದ್ದದ್ದು ಇದೊಂದೇ ಕಟ್ಟಳೆ. ಮೂರನೆಯದು ಬಿದ್ದರೆ ಮದುವೆ ನಿಜವಾಗಿಬಿಡುತ್ತದೆ ಎಂದು ಹಿರಿಯರು ಹೆದರಿಸಿದ್ದರು. ನಮ್ಮದು ಹೆಂಗಸರೇ ಕಟ್ಟಿದ ಕಂಪನಿ. ಗಂಡು ಪಾತ್ರಗಳೂ ನಮ್ಮವೇ. ರಾಜನ ವೇಷದ ತುಳಸಕ್ಕ ರಾಣಿಯಾದ ಚಂದ್ರವ್ವನ ಕೊರಳಿಗೆ ಊರೂರಿನಲ್ಲೂ ಎರಡು ಗಂಟು ಹಾಕಿ ಕೈ ಹಿಂದೆಗೆಯುತ್ತಿದ್ದಳು. ಇಬ್ಬರಿಗೂ ಬಣ್ಣ ಹಚ್ಚುತ್ತಿದ್ದವಳು ನಾನು.

ಕಂಪನಿ ಮುಚ್ಚಿದ ಮೇಲೂ ಅವರು ಒಂದೇ ಮನೆಯಲ್ಲಿ ಉಳಿದರು. ಒಂದೇ ಒಲೆ, ಒಂದೇ ಹಾಸಿಗೆ. ಊರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೂ “ಅಕ್ಕ-ತಂಗಿ ಇದ್ದಂಗ ಅದಾರ” ಎಂದು ಬಾಯಿತುಂಬ ಹೊಗಳುತ್ತಿತ್ತು. ತುಳಸಕ್ಕ ಜ್ವರದಲ್ಲಿ ಆಸ್ಪತ್ರೆ ಸೇರಿದಾಗ ಮಾತ್ರ, “ನೀವು ಇವರಿಗೆ ಏನಾಗಬೇಕು?” ಎಂದು ಕೇಳಿ ಚಂದ್ರವ್ವನನ್ನು ಬಾಗಿಲಾಚೆ ಕೂರಿಸಿದರು. ಈಗ ನೆನೆದರೂ ನನ್ನ ಮೈ ಉರಿಯುತ್ತದೆ.

ಅಂಥವರನ್ನು ಹುಡುಕಿಕೊಂಡು ಪಟ್ಟಣದಿಂದ ಶ್ರೀನಿಧಿ ಎಂಬ ನಿರ್ದೇಶಕ ಬಂದ. ಮುಪ್ಪಿನಲ್ಲಿ ಮದುವೆಯಾಗುವ ಇಬ್ಬರು ಹೆಂಗಸರ ಸಿನಿಮಾ ಮಾಡುತ್ತಾನಂತೆ; ಪಾತ್ರಕ್ಕೆ ಇವರೇ ಬೇಕಂತೆ, ಬಣ್ಣ ಹಚ್ಚಲು ನಾನು. “ಪ್ರೀತಿಗೆ ಯಾವ ಶಾಸ್ತ್ರದ ಹಂಗೂ ಇಲ್ಲ” ಎಂದು ಭಾಷಣವನ್ನೇ ಬಿಗಿದ. ಆ ಸಂಜೆ ಚಂದ್ರವ್ವ ನನ್ನ ಕೈ ಹಿಡಿದು ಕೇಳಿದಳು: “ಸಿನಿಮಾದಾಗರ ಮೂರೂ ಗಂಟು ಬೀಳತಾವೇನ?”

ಮದುವೆಯ ದೃಶ್ಯ ಬಂತು. ಕ್ಯಾಮೆರಾ ಓಡುವ ಮುನ್ನ ಶ್ರೀನಿಧಿ ತುಳಸಕ್ಕನ ಕಿವಿಯತ್ತ ಮೆಲ್ಲಗೆ ಬಗ್ಗಿದ.

“ಅಮ್ಮಾ, ಎರಡೇ ಗಂಟು ಹಾಕಿ. ಮೂರು ಬಿದ್ರೆ ನಿಜವಾಗ್ಲೂ ಮದುವೆ ಮಾಡಿಸಿದ್ರು ಅಂತ ಜನ ಗಲಾಟೆ ಮಾಡ್ತಾರೆ. ಇದು ಬರೀ ಸಿನಿಮಾ ಅಲ್ವಾ?”

ಶಾಸ್ತ್ರದ ಹಂಗಿಲ್ಲದವನ ಬಾಯಲ್ಲೇ ಈ ಮಾತು! ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ಕೈಯಲ್ಲಿದ್ದ ಬಣ್ಣದ ಬಟ್ಟಲನ್ನು ಅವನ ಮುಖಕ್ಕೇ ಎರಚುವಷ್ಟು ಸಿಟ್ಟು ಬಂತು ನನಗೆ.

ತುಳಸಕ್ಕ ದಾರ ಕೈಗೆತ್ತಿಕೊಂಡಳು. ಒಂದು ಗಂಟು ಹಾಕಿದಳು. ಎರಡನೆಯದನ್ನೂ ಹಾಕಿದಳು. ಕೈ ಹಿಂದೆ ಬರಲಿಲ್ಲ. ಮೂರನೆಯದನ್ನು ಹಲ್ಲು ಕಚ್ಚಿ ಬಿಗಿದಳು.

“ಕಟ್! ಬಿಚ್ಚಿ ಅದನ್ನ, ಇನ್ನೊಂದ್ಸಲ ತೆಗೆಯೋಣ” ಎಂದು ಶ್ರೀನಿಧಿ ಕೂಗಿದ.

ಚಂದ್ರವ್ವ ಎರಡೂ ಕೈಯಿಂದ ಕೊರಳು ಮುಚ್ಚಿಕೊಂಡಳು. “ಬಿಚ್ಚಾಕ ಇದು ವೇಷ ಅಲ್ಲಪಾ. ಇಷ್ಟು ವರ್ಷ ಎರಡಕ್ಕ ನಿಂತೀವಿ. ಸಾಕು.”

“ನಿನ್ನ ಸಿನಿಮಾ ನೀ ಕತ್ತರಿಸ್ಕೋ,” ಎಂದಳು ತುಳಸಕ್ಕ. “ನನ್ನ ಗಂಟಿಗೆ ಕೈ ಹಚ್ಚಬ್ಯಾಡ.”

ಅವನು ಕತ್ತರಿಸಿಯೇಬಿಟ್ಟ. ನಮ್ಮೂರ ಟಾಕೀಸಿನಲ್ಲಿ ಎರಡನೆಯ ಗಂಟು ಬೀಳುತ್ತಲೇ ತೆರೆಯ ತುಂಬ ಅಕ್ಕಿಕಾಳು ಸುರಿಯಿತು. ಊರಿಗೆ ಊರೇ ಎದ್ದು ಚಪ್ಪಾಳೆ ತಟ್ಟಿ ಕಣ್ಣೊರೆಸಿಕೊಂಡಿತು. “ಪಾತ್ರ ಎಷ್ಟು ಚಂದ ಮಾಡ್ಯಾರ!” ಎಂದರು ಹಿಂದಿನ ಸಾಲಿನವರು. ಪಾತ್ರವಂತೆ! ತಿರುಗಿ ನಿಂತು ಕಿರುಚಲು ನಾನು ಬಾಯಿ ತೆರೆದಿದ್ದೆ.

ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿದ್ದ ಚಂದ್ರವ್ವ ಸೆರಗು ಸರಿಸಿದಳು. ಬೆವರಿಗೆ ಬಣ್ಣ ಮಾಸಿದ ದಾರ ತೆರೆಯ ಬೆಳಕಿನಲ್ಲಿ ಕಂಡಿತು. ಪಕ್ಕದಲ್ಲಿದ್ದ ತುಳಸಕ್ಕನ ಬೆರಳು ಮೂರನೆಯ ಗಂಟಿನ ಮೇಲಿತ್ತು.