ಹೊಳೆಯ ತಳದ ಫಲಕ

ಕಪ್ಪು ನೀರಿನಡಿ ವರ್ಡೆಲ್‌ಳ ಬೆರಳಿಗೆ ತಾಕಿದ್ದು ಹಲ್ಲಲ್ಲ. ಕಲ್ಲಾದ ಹಲ್ಲುಗಳಿಗಾಗಿ ಮೂವತ್ತು ವರ್ಷ ಈ ಹೊಳೆಯ ತಳವನ್ನು ತಡಕಿದ ಕೈ ಅದು. ಲಕ್ಷಾಂತರ ವರ್ಷಗಳ ಹಿಂದಿನ ಶಾರ್ಕ್ ಹಲ್ಲಿನ ಗರಗಸದಂಥ ಅಂಚನ್ನು, ಕಲ್ಲಾಗಿಹೋದ ತಿಮಿಂಗಿಲದ ಎಲುಬನ್ನು ಮುಟ್ಟಿದೊಡನೆ ಹೇಳಬಲ್ಲದು. ಇದು ನುಣ್ಣನೆಯ ತಗಡು. ಅದಕ್ಕೆ ಅಂಟಿದ್ದ ಮರದ ಕಂಬವನ್ನೂ ಎಳೆದುಕೊಂಡು ಅವಳು ಮೇಲೆದ್ದಳು.

ದೋಣಿಯ ಮಗ್ಗುಲಲ್ಲಿ ತೇಲುತ್ತ ಕೆಸರು ಒರೆಸಿದಾಗ ತಗಡಿನ ಮೇಲೆ ಅಕ್ಷರ ಕಂಡವು: 'ಹಕ್ಕಿಗಳು ಮೊಟ್ಟೆ ಇಟ್ಟಿವೆ. ದಡ ಹತ್ತಬಾರದು.' ಕಂಬದ ಬುಡದಲ್ಲಿ ಗರಗಸ ಕೊಯ್ದ ಗುರುತು ಇನ್ನೂ ಹೊಸದು.

ಎದುರಿಗೇ ಸಿಂಪಿಚಿಪ್ಪಿನ ದಿಬ್ಬ. ಅಲ್ಲಿ ಹಲ್ಲು ಆಯಲೆಂದು ಚಾರ್ಲ್‌ಸ್ಟನ್‌ನಿಂದ ಬಂದ ಆರು ಮಂದಿ ಪ್ರವಾಸಿಗರು ಬಕೆಟ್ ಹಿಡಿದು ದೋಣಿಯಿಂದ ಇಳಿಯಲು ನಿಂತಿದ್ದರು. ದೋಣಿ ಕಂಡು ಗಾಬರಿಯಾದ ಕೆಂಪು ಕೊಕ್ಕಿನ ಹಕ್ಕಿಯೊಂದು ಆಗಲೇ ಗೂಡು ಬಿಟ್ಟೆದ್ದು ಸುತ್ತುತ್ತ ಚೀರುತ್ತಿತ್ತು. ಈ ಬಿಸಿಲಿಗೆ ತಾಯಿಯ ನೆರಳು ತಪ್ಪಿದರೆ ಮೊಟ್ಟೆ ಅರ್ಧ ತಾಸಿನಲ್ಲಿ ಬೆಂದುಹೋಗುತ್ತದೆ.

"ಉಬ್ಬರಕ್ಕೆ ಕೊಚ್ಕೊಂಡು ಬಂದಿರ್ಬೇಕು ಅಕ್ಕಾ," ಎಂದ ದೋಣಿಯ ಒಡೆಯ ಕ್ಲಿಫ್ಟನ್.

"ಉಬ್ಬರಕ್ಕೆ ಗರಗಸ ಹಿಡಿಯೋದು ಯಾರೋ ಕಲಿಸಿದ್ದು?"

ಅವನು ನಕ್ಕ. "ನಾಲ್ಕು ಹಕ್ಕಿಗೋಸ್ಕರ ಬಂದೋರ್ನ ಬರಿಗೈಲಿ ಕಳಿಸ್ಲಾ? ಅದನ್ನ ನೀರಿಗೆ ಬಿಸಾಕು, ಮೇಲೆ ಬಾ."

ಅವಳ ಮೈಯೆಲ್ಲ ಉರಿಯಿತು. ಇವನಿಗೆ ಮುಳುಗುವುದನ್ನು ಕಲಿಸಿದವಳು ಅವಳು. ದುರಾಸೆಗಾದರೂ ಒಂದಿಷ್ಟು ನಾಚಿಕೆ ಬೇಡವೇ? ಮುಳುಗಿದವರ ಕೈಗೆ ಸಿಕ್ಕಿದ್ದು ಮುಳುಗಿದವರದೇ, ದೋಣಿಯ ಒಡೆಯ ಅದಕ್ಕೆ ಕೈಚಾಚುವಂತಿಲ್ಲ ಎಂಬ ಹೊಳೆಯ ಕಟ್ಟಳೆಯನ್ನು ಹೇಳಿಕೊಟ್ಟವಳೂ ಅವಳೇ.

"ನನ್ ಕೈಗೆ ಸಿಕ್ತು, ನಂದು. ಎಲ್ಲಿ ನೆಡ್ಬೇಕು ಅಂತ ನಂಗೊತ್ತು."

"ನೆಟ್ರೆ ನಾಳೆಯಿಂದ ಬೇರೆ ದೋಣಿ ನೋಡ್ಕೋ."

"ನಾಳೆವರೆಗೂ ಯಾಕೋ ಕಾಯ್ಲಿ? ಇವತ್ತೇ ನೋಡ್ಕೋತೀನಿ. ಹೋಗು!"

ಬೆನ್ನಿನ ಗಾಳಿ ಸಿಲಿಂಡರ್ ಹೊತ್ತೇ ಅವಳು ದಡದತ್ತ ಈಜಿ, ಕೆಸರಿನಲ್ಲಿ ನಡೆದಳು. ದಿಬ್ಬದ ಅಂಚಿನಲ್ಲಿ, ಪ್ರವಾಸಿಗರೆಲ್ಲರಿಗೂ ಕಾಣುವಂತೆ, ಮೈಭಾರವನ್ನೆಲ್ಲ ಹಾಕಿ ಕಂಬವನ್ನು ಒತ್ತಿ ನಿಲ್ಲಿಸಿದಳು. ದೋಣಿಯಿಂದಲೇ ಫಲಕ ಓದಿದ ಮುದುಕಿಯೊಬ್ಬಳು ಬಕೆಟ್ ಕೆಳಗಿಟ್ಟು, "ನಾನು ಇಳಿಯೋಲ್ಲಪ್ಪ," ಎಂದಳು. ಉಳಿದವರೂ ಒಬ್ಬೊಬ್ಬರಾಗಿ ಕುಳಿತರು. ಕ್ಲಿಫ್ಟನ್ ಹಲ್ಲು ಕಡಿಯುತ್ತ ಎಂಜಿನ್ನಿನ ಹಗ್ಗ ಎಳೆದ. ದೋಣಿ ಅವಳನ್ನು ಅಲ್ಲೇ ಬಿಟ್ಟು ತಿರುವು ದಾಟಿತು.

ಅವಳನ್ನು ಹತ್ತಿಸಿಕೊಳ್ಳಬಲ್ಲ ಸಿಂಪಿ ಆಯುವವರ ದೋಣಿ ಈ ಕಡೆ ಬರಲು ಇನ್ನೂ ಮೂರು ತಾಸು. ಎರಡು ಹೆಜ್ಜೆ ಇಟ್ಟರೆ ಒಣ ದಿಬ್ಬ. ವರ್ಡೆಲ್ ಇಡಲಿಲ್ಲ. ಹಿಂದೆ ಸರಿದು, ಜೊಂಡಿನ ನಡುವೆ ಅಲ್ಲಾಡದೆ ನಿಂತಳು. ಉಬ್ಬರದ ನೀರು ಕಣಕಾಲು ಮುಳುಗಿಸುವಷ್ಟರಲ್ಲಿ ಹಕ್ಕಿ ಇಳಿಯಿತು. ಅವಳನ್ನೊಮ್ಮೆ ನೋಡಿ, ಚಿಪ್ಪುಗಳ ಮೇಲೆ ಓಡಿ, ರೆಕ್ಕೆ ಸಡಿಲಿಸಿ ಮೊಟ್ಟೆಗಳ ಮೇಲೆ ಕುಳಿತುಕೊಂಡಿತು.